ಎಡಗೈ ರೊಟ್ಟಿ

ಕಂಪ್ಲಿ
೧೮ ಏಪ್ರಿಲ್ ೧೯೮೭

ಚಿರಂಜೀವಿ ಚೆನ್ನಬಸಮ್ಮಳಿಗೆ ನಿನ್ನ ಅವ್ವ ನೀಲಗಂಗಮ್ಮ ಮನಸಾರೆ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮದ ಜೊತೆಗೆ ಸಿಟ್ಟಿನಲ್ಲೂ ಇದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಸಿಹಿ ಮಾತಾಡಿ ಆಮೇಲೆ ಕಡಿದಳು ಅನ್ನಬೇಡ. ನಿನ್ನ ಕಾಗದ ಶಿವರಾತ್ರಿಗೆ ಮುಂಚೆಯೇ ಬಂದಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ತಪ್ಪು ತಿಳಿಯಬೇಡ, ಮಗಳೇ. ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ, ಇದು ನಿನ್ನ ಅಣ್ಣನ ಕೈ ಅಲ್ಲ, ಅತ್ತಿಗೆಯ ಕೈಯೂ ಅಲ್ಲ. ಇದು ನನ್ನ ಎಡಗೈ. ಅವರಿಗೆ ಹೇಳಿ ಬರೆಸಬಹುದಿತ್ತು. ಆದರೆ ಬರೆಯಬೇಕಾಗಿದ್ದದ್ದೇ ಅವರ ಮೇಲಿನ ದೂರು, ಹೇಗೆ ಬರೆಸಲಿ? ನೀನು ಮುಂಬಯಿಯಿಂದ ಬಂದಾಗ ಸೊನ್ನೆ ತಿದ್ದು, ಅಡ್ಡಗೆರೆ ತಿದ್ದು ಅಂತ ಹಾಳೆ ಕೊಟ್ಟಿದ್ದೆಯಲ್ಲ, ಅದನ್ನು ನಾಲ್ಕು ದಿನ ತಿದ್ದಿ ಬೇಸರ ಬಂದು ಮೂಲೆಗೆಸೆದೆ. ಯಾರಿಗೆ ಬೇಕು ಆ ಸೊನ್ನೆ? ನಿನ್ನನ್ನು ಬಯ್ಯಬೇಕು ಅಂತ ಕೂತ ಮೇಲೆ ನೋಡು, ಅಕ್ಷರ ತಾವಾಗಿಯೇ ಬಂದವು. ದಿನವೂ ಇಷ್ಟಿಷ್ಟು ಬರೆದು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು ಈ ಕಾಗದ ಮುಗಿಸಿದ್ದೇನೆ.

ಇಲ್ಲಿ ಬೇಸಿಗೆ ಭತ್ತದ ಕೊಯ್ಲು ಜೋರಾಗಿದೆ. ಮಿಲ್ಲುಗಳ ಮುಂದೆ ಲಾರಿ, ಟ್ರ್ಯಾಕ್ಟರು ಸಾಲುಗಟ್ಟಿವೆ. ಬಸ್‌ಸ್ಟ್ಯಾಂಡಿನವರೆಗೂ ತೌಡಿನ ಧೂಳು. ಮೆಟ್ರಿಯ ನಿನ್ನ ಚಿಕ್ಕವ್ವ ಅಕ್ಕನಾಗಮ್ಮ ಹೊಸದಾಗಿ ಟಿ.ವಿ. ತರಿಸಿದ್ದಾಳೆ, ಓಣಿಯ ಮಕ್ಕಳೆಲ್ಲ ಅವಳ ಪಡಸಾಲೆಯಲ್ಲೇ ಬೀಡುಬಿಟ್ಟಿವೆಯಂತೆ. ಕಾಲುವೆ ನೀರು ಬಂದ ಮೇಲೆ ಈ ಕಡೆಯವರ ಮನೆಗೆ ಏನೇನು ಬಂತು ಅಂತ ಹೇಳತೀರದು. ಇನ್ನು ನಮ್ಮ ಮನೆಯ ಸುದ್ದಿ ಕೇಳು. ದಸರೆಯಿಂದ ಮುಚ್ಚಿದ್ದ ನಮ್ಮ ಖಾನಾವಳಿಯ ಬಾಗಿಲನ್ನು ಯುಗಾದಿ ದಿನ ನಾನು ಮತ್ತೆ ತೆಗೆದೆ.

ನಿನ್ನ ಅಣ್ಣ ವಿರುಪಾಕ್ಷಪ್ಪ ಈಗಾಗಲೇ ನಿನಗೆ ಬರೆದಿರುತ್ತಾನೆ. “ಅವ್ವಗ ತಲಿ ಕೆಟ್ಟೈತಿ” ಅಂತಲೇ ಬರೆದಿರುತ್ತಾನೆ. ತಲೆ ನೆಟ್ಟಗಿದೆ. ದಸರೆಯಲ್ಲಿ ಲಕ್ವ ಹೊಡೆದದ್ದು ಬಲಗೈಗೆ, ಬಲಗಾಲಿಗೆ. ನಾಲಿಗೆ ಒಂದಿಷ್ಟು ದಿನ ತೊದಲಿ ಮತ್ತೆ ಸರಿಹೋಯಿತು. ಅದನ್ನು ಉಳಿಸಿದ್ದು ಶಿವ ಮಾಡಿದ ದೊಡ್ಡ ತಪ್ಪು ಅಂತ ನಿನ್ನ ಅಣ್ಣನ ಅಭಿಪ್ರಾಯ. ಬಸವ ಜಯಂತಿಗೆ ಹೊಸಪೇಟೆಯಿಂದ ನಿನ್ನ ಸೋದರಮಾವ ಮೈಲಾರಲಿಂಗಪ್ಪ ಬರುತ್ತಾನೆ. ಖಾನಾವಳಿ ನನ್ನ ಹತ್ತಿರ ಉಳಿಯಬೇಕೋ, ಬೇರೆ ಹೋಟೆಲ್‌ನವರಿಗೆ ಬಾಡಿಗೆಗೆ ಕೊಟ್ಟು ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಬೇಕೋ ಎಂಬುದು ಅಂದು ತೀರ್ಮಾನ. ಜಾಗ ನಿಮ್ಮಪ್ಪನದು, ಅಂದರೆ ಈಗ ನಮ್ಮ ಮೂವರದು. ನಾನು ಒಲ್ಲೆ ಅಂದಿದ್ದೇನೆ, ಅವನು ಕೊಡೋಣ ಅಂದಿದ್ದಾನೆ. ಎಲ್ಲರೂ ನಿನ್ನ ಬಾಯಿ ನೋಡುತ್ತಿದ್ದಾರೆ. ಅದಕ್ಕೇ ಈ ಕಾಗದ.

ಮೊದಲು ನಿನಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ. ದೀಪಾವಳಿಗೆ ನೀನು ಬಂದಾಗ ನಾನು ಹಾಸಿಗೆಯಲ್ಲಿ ದಿಮ್ಮಿಯಾಗಿ ಬಿದ್ದಿದ್ದೆ. ಬಂದವರೆಲ್ಲ ಬಾಗಿಲಲ್ಲೇ ನಿಂತು “ಪಾಪ, ಏನು ಕರ್ಮನೋ” ಅಂದು ಹೋಗುತ್ತಿದ್ದರು. ನೀನು ಬಂದವಳೇ ಸೆರಗು ಕಟ್ಟಿ ನನ್ನನ್ನು ಎಬ್ಬಿಸಿ ಕೂರಿಸಿದೆ. ಕಾಲು ನೆಲಕ್ಕೆ ಊರುವುದನ್ನು ಕಲಿಸಿದೆ. ಬಲಗೈ ಬೆರಳು ಮುದುಡಿ ಮುಷ್ಟಿಯಾಗಬಾರದು ಅಂತ ಅಲ್ಯುಮಿನಿಯಂ ತಗಡಿಗೆ ಚರ್ಮ ಹೊಲಿಸಿ ಅಂಗೈಗೆ ಪಟ್ಟಿ ಮಾಡಿಸಿಕೊಟ್ಟೆ. ಕರ್ಮ ಅಂದವರಿಗೆ “ಕರ್ಮ ಅಲ್ರಿ, ತಲ್ಯಾಗ ರಕ್ತ ಹೆಪ್ಪುಗಟ್ಟಿದ್ದು” ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಆ ಮಾತಿಗೆ ನನಗೆ ಎಷ್ಟು ಸಂತೋಷವಾಯಿತು ಅಂತ ನಿನಗೆ ಗೊತ್ತಿಲ್ಲ. ನೀನು ಕಲಿತ ವಿದ್ಯೆಯ ಹೆಸರು, ಆ ಆಕ್ಯುಪೇಶನಲ್ ಥೆರಪಿ, ಲಕ್ವ ಹೊಡೆಯುವ ಮುಂಚೆಯೂ ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಕೆಲಸ ಮಾಡಿಸಿ ಗುಣ ಮಾಡುವ ವೈದ್ಯ ಅಂತ ನೀನು ಬಿಡಿಸಿ ಹೇಳಿದಾಗ, ಭಲೇ, ನನ್ನ ಮಗಳು ನನಗೆ ತಕ್ಕ ವಿದ್ಯೆಯನ್ನೇ ಕಲಿತಳು ಅಂದುಕೊಂಡೆ.

ಆಮೇಲೆ ಏನಾಯಿತು? ಅಚ್ಚಾದ ಹಾಳೆ ಹಿಡಿದು ಮಾರ್ಕು ಹಾಕುತ್ತ ಪ್ರಶ್ನೆ ಕೇಳಲು ಶುರು ಮಾಡಿದೆ. ಅವ್ವ, ನೀನೇ ಹಲ್ಲು ಉಜ್ಜುತ್ತೀಯಾ? ನೀನೇ ಸ್ನಾನ ಮಾಡುತ್ತೀಯಾ? ಚಾಕು, ಫೋರ್ಕು ಹಿಡಿಯುತ್ತೀಯಾ? ಆ ಕೊನೆಯದನ್ನು ಕೇಳಿ ನೀನೇ ನಕ್ಕುಬಿಟ್ಟೆ. “ಇದು ಹೊರದೇಶದಾಗ ಮಾಡಿದ್ದವ್ವ, ನಮಗ ಅನ್ವಯಿಸಂಗಿಲ್ಲ” ಅಂದೆ. ಅದನ್ನೊಂದನ್ನು ಬಿಟ್ಟೆ, ಉಳಿದದ್ದನ್ನೆಲ್ಲ ಅನ್ವಯಿಸಿದೆ. ರೊಟ್ಟಿ ಬಡಿಯುತ್ತೀಯಾ, ಹತ್ತು ಮಂದಿಗೆ ಬಡಿಸುತ್ತೀಯಾ, ದುಡ್ಡು ಕೊಡದೆ ಉದ್ರಿ ಹೇಳಿದವನನ್ನು ಬಯ್ದು ಕಳಿಸುತ್ತೀಯಾ ಅಂತ ಆ ಹಾಳೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ನಿಮ್ಮಪ್ಪ ತೀರಿಹೋದ ಮೇಲೆ ಇಷ್ಟು ವರ್ಷ ನಾನು ಮಾಡಿದ್ದು ಅದೇ ತಾನೇ? ಹಲ್ಲುಜ್ಜುವುದು ನನ್ನ ಕಸುಬಾಗಿತ್ತೇ?

ನೈಟಿಯ ಕತೆ ನೆನಪಿದೆಯಾ? ನನಗಂತೂ ಸಾಯುವವರೆಗೂ ಮರೆಯುವುದಿಲ್ಲ. ಸೀರೆ ಉಡಲು ಎರಡು ಕೈ ಬೇಕು, ಇದನ್ನಾದರೆ ನೀನೇ ತೊಡಬಹುದು ಅಂತ ಹೂವು ಹೂವಿನ ನೈಟಿ ತಂದಿದ್ದೆ. ಅದನ್ನು ಹಾಕಿಕೊಂಡು ಖಾನಾವಳಿಯ ಕಟ್ಟೆಯ ಮೇಲೆ ಕೂತರೆ ಹಮಾಲರು ಊಟ ಬಿಟ್ಟು ನಾಟಕ ನೋಡುತ್ತಿದ್ದರು. “ಒಬ್ಬಾಕಿನಾ ಹಾಕ್ಕೊಂಡ್ರ ಸ್ವತಂತ್ರ ಅಲ್ಲೇನವ್ವ” ಅಂದೆ. ಏನು ಸ್ವತಂತ್ರ? ಆ ನೈಟಿ ತೊಟ್ಟುಕೊಂಡರೆ ನಾನು ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಪಾತ್ರೆ ತಿಕ್ಕಲು ಬರುವ ಭರಮಮ್ಮನ ಕೈಯಲ್ಲಿ ಇಳಕಲ್ ಸೀರೆ ಉಡಿಸಿಕೊಂಡರೆ ತೇರುಬೀದಿಯವರೆಗೂ ತಲೆ ಎತ್ತಿಕೊಂಡು ಹೋಗಿಬರುತ್ತೇನೆ. ಇದರಲ್ಲಿ ಸ್ವತಂತ್ರ ಯಾವುದು, ನೀನೇ ಹೇಳು. ನೈಟಿಯನ್ನು ನಿನ್ನ ಅತ್ತಿಗೆ ಮರುಳಸಿದ್ದಮ್ಮ ತೊಡುತ್ತಿದ್ದಾಳೆ. ಅವಳಿಗೆ ಚೆನ್ನಾಗಿದೆ.

ನೀನು ರಜೆ ಮುಗಿಸಿ ಹೋದ ಮೇಲೆ ವಿರುಪಾಕ್ಷಪ್ಪ ಒಂದು ಮಾತು ಹಿಡಿದುಕೊಂಡ. ಯಾರು ಬಂದರೂ ಅದೇ ಮಾತು. “ಚೆನ್ನಿನಾ ಹೇಳಿ ಹೋಗ್ಯಾಳ್ರಿ. ಅವ್ವ ತನ್ನ ಮೈ ಕೆಲಸ ತಾನು ಮಾಡ್ಕೊಂಡ್ರ ಅದಾ ದೊಡ್ಡದು. ಖಾನಾವಳಿ ಕೆಲಸ ಇನ್ನ ಆಗದ ಮಾತು.” ನೀನು ಹಾಗೆ ಹೇಳಿದ್ದು ನಿಜವೇ ಅಂತ ನಾನು ಯಾರನ್ನೂ ಕೇಳಲಿಲ್ಲ. ನಿನ್ನ ಕಾಗದದಲ್ಲೇ ಅದು ಇದೆ. ಅವನು ಕೆಟ್ಟವನಲ್ಲ. ಅವ್ವ ದುಡಿದು ದುಡಿದು ಸವೆದಳು, ಇನ್ನು ಕೂತು ಉಣ್ಣಲಿ ಅನ್ನುತ್ತಾನೆ. ಕೂತು ಉಣ್ಣುವುದು ಎಂಥ ಶಿಕ್ಷೆ ಅಂತ ಅವನಿಗೆ ಗೊತ್ತಿಲ್ಲ, ಅಷ್ಟೇ.

ಒಂದು ದಿನ ಕಾಲುವೆ ನೀರಿಗೆ ವಲಸೆ ಬಂದವರ ಕ್ಯಾಂಪಿನ ಕಡೆಯಿಂದ ಒಬ್ಬ ಆಂಧ್ರದ ಹೋಟೆಲ್‌ನವನನ್ನು ಕರೆದುಕೊಂಡು ಬಂದ. ಒಳ್ಳೆಯ ಮನುಷ್ಯನೇ, ನನಗೆ ಕೈಮುಗಿದ. ಗೋಡೆ ನೋಡಿದ, ಮಾಡು ನೋಡಿದ. ಈ ಒಲೆ ಒಡೆಸಿ ಗ್ಯಾಸ್ ಹಾಕಿಸಬೇಕು ಅಂದ. ಕಡೆಗೆ ನನ್ನ ಕಡೆ ಕೈ ತೋರಿಸಿ ನಿನ್ನ ಅಣ್ಣನನ್ನು ಕೇಳಿದ, “ಅಮ್ಮಗಾರ್ನ ಎಲ್ಲಿ ಇಡ್ತೀರಿ?”

ಇಡ್ತೀರಿ ಅಂದ, ಚೆನ್ನಿ. ಬೀಸುಕಲ್ಲು ಎಲ್ಲಿ ಇಡ್ತೀರಿ, ಒರಳು ಎಲ್ಲಿ ಇಡ್ತೀರಿ ಅಂದ ಹಾಗೆ. ನಿನ್ನ ಅಣ್ಣ ಸಹಜವಾಗಿ, “ಹಿಂದಿನ ಖೋಲ್ಯಾಗ ಇರ್ತಾರ್ರಿ, ಅವರದೇನು ತ್ರಾಸಿಲ್ಲ” ಅಂದ.

ನಾನು ಕೋಲು ಊರಿಕೊಂಡು ಎದ್ದೆ. ಹೋಗಿ ಒಲೆಕಟ್ಟೆಯ ಮೇಲೆ ಕೂತೆ. ಬಿದ್ದಂತೆ ಕೂತೆ ಅನ್ನು, ಸೊಂಟ ಇನ್ನೂ ನೋಯುತ್ತದೆ. “ಒಲಿ ಒಡಿಬೇಕಂದ್ರ ಮದ್ಲ ನನ್ನ ಎತ್ತಿ ಇಡ್ರಿ. ನನ್ನ ತ್ರಾಸ ಎಷ್ಟೈತಿ ಅಂತ ಆಗ ಗೊತ್ತಾಗ್ತೈತಿ” ಅಂದೆ. ಆ ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ನಿನ್ನ ಅಣ್ಣ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಅವತ್ತಿನಿಂದ ನನಗೆ ಹಟ ಹತ್ತಿತು. ಬರೀ ಹಟದಿಂದ ರೊಟ್ಟಿ ಆಗುವುದಿಲ್ಲವಲ್ಲ. ನಿನ್ನ ಮಾತು ನಂಬಿ ಒಬ್ಬಳೇ ಮಾಡಲು ಹೋದೆ. ಎಡಗೈಯಿಂದ ಹಿಟ್ಟು ನಾದಿದರೆ ಪರಾತ ತಿರುಗಿ ತಿರುಗಿ ಓಡುತ್ತದೆ. ನೀನು ಪರಾತದ ಕೆಳಗೆ ಒದ್ದೆ ಬಟ್ಟೆ ಹಾಸು ಅಂದಿದ್ದೆ, ಹಾಸಿದೆ. ಕೊನೆಗೆ ನನಗೆ ಹೊಳೆದದ್ದೇನು ಗೊತ್ತಾ? ಈ ಬಲಗೈಗೆ ಬೇರೇನೂ ಇಲ್ಲದಿದ್ದರೂ ಭಾರ ಇದೆಯಲ್ಲ! ನೀನು ಮಾಡಿಸಿಕೊಟ್ಟ ಪಟ್ಟಿ ಕಟ್ಟಿ ಆ ಕೈಯನ್ನು ಪರಾತದ ಅಂಚಿನ ಮೇಲೆ ಇಟ್ಟರೆ ಪರಾತ ಅಲ್ಲಾಡುವುದಿಲ್ಲ. ನಾದುವುದು ಬಂತು. ಎಸರಿನ ಹದ, ಹಿಟ್ಟಿನ ಹದ ಮೊದಲೇ ತಲೆಯಲ್ಲಿತ್ತು. ಬಡಿಯುವುದು ಮಾತ್ರ ಬರಲಿಲ್ಲ. ಜೋಳದ ರೊಟ್ಟಿ ಒಂದು ಕೈಯಲ್ಲಿ ಬಡಿದರೆ ಇನ್ನೊಂದು ಕೈಯಲ್ಲಿ ತಿರುಗಬೇಕು, ಇಲ್ಲದಿದ್ದರೆ ಅಂಚು ಒಡೆದು ಹರಕು ಚಾಪೆಯಾಗುತ್ತದೆ. ಹಿಟ್ಟೆಲ್ಲ ಎಮ್ಮೆಗೆ ಹೋಯಿತು. ಒಲೆಯ ಮುಂದೆ ಕೂತು ಅತ್ತೆ, ಸುಳ್ಳು ಯಾಕೆ ಹೇಳಲಿ?

ಭರಮಮ್ಮ ಪಾತ್ರೆ ತಿಕ್ಕುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಹಿಂದಿನ ಓಣಿಯ ಭರಮಮ್ಮ, ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವಳು. ಬೂದಿ ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. “ಯಕ್ಕಾ, ನೀ ಹಿಟ್ಟು ಕೊಡು, ನಾ ಬಡಿತೀನಿ. ಹಂಚಿನ ಮ್ಯಾಲ ನೀ ನೋಡ್ಕ. ನನ್ನ ರೊಟ್ಟಿ ಹಂಚಿನ ಮ್ಯಾಲ ಯಾವತ್ತೂ ಉಬ್ಬಿಲ್ಲ, ನನ್ನ ಗಂಡ ಅದಕ್ಕಾ ದಿನಾ ಜಗಳ ತೆಗಿತಾನ” ಅಂದಳು. ನಾನು ನಾದಿ ಉಂಡೆ ಕೊಟ್ಟೆ. ಅವಳು ಬಡಿದಳು. ಹಂಚಿನ ಮೇಲೆ ಹಾಕಿದ ಮೇಲೆ ನೀರು ಸವರುವುದು, ತಿರುವಿ ಹಾಕುವುದು, ಬಟ್ಟೆಯಿಂದ ಒತ್ತಿ ಉಬ್ಬಿಸುವುದು ಎಲ್ಲ ಒಂದೇ ಕೈ ಕೆಲಸ. ಮೊದಲ ರೊಟ್ಟಿ ಪೂರಿಯ ಹಾಗೆ ಉಬ್ಬಿತು. ಇಬ್ಬರೂ ಹುಡುಗಿಯರ ಹಾಗೆ ನಕ್ಕೆವು.

ಇದನ್ನೇ ಹಿಗ್ಗಿನಿಂದ ನಿನ್ನ ಅತ್ತಿಗೆಯ ಕೈಯಲ್ಲಿ ಬರೆಸಿ ಕಳಿಸಿದೆ. ನೀನು ಏನು ಉತ್ತರ ಬರೆದೆ? ಕಾಗದ ಇಲ್ಲೇ ಇದೆ, ನೋಡಿಕೊಂಡೇ ಬರೆಯುತ್ತಿದ್ದೇನೆ. “ಅವ್ವ, ಭರಮಮ್ಮ ಬಡಿದರೆ ಅದು ನೀನು ಮಾಡಿದ ಕೆಲಸ ಆಗುವುದಿಲ್ಲ. ಬೇರೆಯವರ ಸಹಾಯ ಎಷ್ಟು ಕಡಿಮೆಯಾಗುತ್ತದೋ ಅಷ್ಟು ನೀನು ಸುಧಾರಿಸಿದ ಹಾಗೆ. ಒಬ್ಬಳೇ ಮಾಡುವುದಾದರೆ ಮಾಡು, ಆಗದಿದ್ದರೆ ಆ ಕೆಲಸದ ಆಸೆ ಬಿಟ್ಟು ನಿನ್ನ ಆರೈಕೆ ನೀನು ಮಾಡಿಕೊಳ್ಳುವುದನ್ನು ಗಟ್ಟಿ ಮಾಡು.”

ಇದನ್ನು ಓದಿ ನನಗೆ ಮೈ ಉರಿಯಿತು. ಎರಡು ಕೈಯೂ ಗಟ್ಟಿಯಿದ್ದಾಗ ನಾನು ಯಾವತ್ತು ಒಬ್ಬಳೇ ಖಾನಾವಳಿ ನಡೆಸಿದ್ದೆ? ಜೋಳ ಬೆಳೆದವರು ಎರೆಹೊಲದವರು, ಬೀಸಿದ್ದು ಗಿರಣಿ. ನೀರು ಹೊತ್ತವಳು ಇದೇ ಭರಮಮ್ಮ, ಕಟ್ಟಿಗೆ ಸೀಳಿದವನು ಮಿಲ್ಲಿನ ಹಮಾಲ ಪಕ್ಕೀರಪ್ಪ, ಬದನೆಕಾಯಿ ಹೆಚ್ಚಿ ಕೈ ಕೊಯ್ದುಕೊಂಡವಳು ನೀನು. ಆಗ ನನಗೆ ಯಾರೂ ಮಾರ್ಕು ಕಡಿಮೆ ಹಾಕಲಿಲ್ಲ. ನೀಲಗಂಗಮ್ಮನ ಖಾನಾವಳಿ ಅಂತಲೇ ಊರು ಕರೆಯಿತು. ಈಗ ಒಂದು ಕೈ ಬಿದ್ದ ತಕ್ಷಣ ನನಗೆ ಹೊಸ ಕಾಯಿದೆ ಬಂತೇ? ನಿನ್ನ ಅಣ್ಣ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ, ಸರಿ. ಆ ಅಂಗಿ ಒಗೆದವರು ಯಾರು, ಇಸ್ತ್ರಿ ಮಾಡಿದವರು ಯಾರು? ಅವನು ಸ್ವಾವಲಂಬಿ, ನಾನು ಮಾತ್ರ ಹಂಗಿನವಳು! ಆಹಾ, ಎಂಥ ನ್ಯಾಯ! ಕರ್ಮ ಅಂದವರನ್ನು ಬಾಗಿಲಿಂದ ಆಚೆ ಅಟ್ಟಿದ ನೀನು ಅದೇ ಮಾತನ್ನು ಇಂಗ್ಲಿಷ್ ಅಂಗಿ ತೊಡಿಸಿ ಕಿಟಕಿಯಿಂದ ಒಳಗೆ ಬಿಟ್ಟುಕೊಂಡೆ. ಅವರು “ಪಾಪ, ಇನ್ನೇನು ಮಾಡ್ಯಾಳು” ಅಂದರು. ನೀನು “ಇಷ್ಟು ಮಾಡಿಕೊಂಡರೆ ಸಾಕು” ಅಂದೆ. ನನ್ನ ಪಾಲಿಗೆ ಎರಡೂ ಒಂದೇ.

ಯುಗಾದಿ ದಿನ ಒಲೆ ಸಾರಿಸಿ ಪೂಜೆ ಮಾಡಿದೆವು, ಮರುದಿನದಿಂದ ಊಟ. ಮೊದಲ ದಿನ ಬಂದವರು ಕಡಿಮೆ. ಪಕ್ಕೀರಪ್ಪ ತನ್ನ ಜೊತೆಯ ಹಮಾಲರನ್ನು ಕಟ್ಟಿಕೊಂಡು ಬಂದ. ಈ ಅನ್ನದ ಸುಗ್ಗಿಯಲ್ಲೂ ಅವರಿಗೆ ರೊಟ್ಟಿಯೇ ಬೇಕು, “ಅನ್ನ ಉಂಡು ಚೀಲ ಎತ್ತಿದ್ರ ಮಧ್ಯಾಹ್ನಕ್ಕ ಕಾಲು ನಡುಗ್ತಾವ್ರಿ” ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ ನಮ್ಮ ಓಣಿಯ ಜಂಗಮರಾದ ಕೊಟ್ರಯ್ಯ ಅಯ್ಯನವರೂ ಬಂದರು. ಹೆಂಡತಿ ತೀರಿದ ಮೇಲೆ, ನನಗೆ ಲಕ್ವ ಹೊಡೆಯುವವರೆಗೂ ದಿನವೂ ಇಲ್ಲೇ ಉಣ್ಣುತ್ತಿದ್ದರಲ್ಲ. ಭರಮಮ್ಮ ಒಲೆಯ ಮುಂದಿದ್ದಳು, ಹಾಗಾಗಿ ನಾನೇ ಕೋಲು ಗೋಡೆಗೆ ಆನಿಸಿ, ಎಡಗೈಯಲ್ಲಿ ರೊಟ್ಟಿ ತಂದು ಅವರ ತಟ್ಟೆಗೆ ಹಾಕಿದೆ.

ಅಯ್ಯನವರು ತಟ್ಟೆಯಿಂದ ಕೈ ಹಿಂದಕ್ಕೆ ತೆಗೆದರು. “ಯವ್ವಾ ನೀಲಗಂಗಮ್ಮ, ತಪ್ಪು ತಿಳಿಬ್ಯಾಡ. ಎಡಗೈಲೆ ಹಾಕಿದ್ದು ಹೆಂಗ ಉಣ್ಣಾದವ್ವ? ಬ್ಯಾರೆಯವರ ಕೈಲೆ ನೀಡಸು.”

ನಿನ್ನ ಅಣ್ಣ ಬಾಗಿಲಲ್ಲೇ ನಿಂತಿದ್ದ. ಹೀಗೇ ಆಗುತ್ತದೆ ಅಂತ ಅವನು ಮೊದಲೇ ಹೇಳಿದ್ದ. ನಾನು ಆ ತಟ್ಟೆಯ ಮುಂದಿನಿಂದ ಸರಿಯಲಿಲ್ಲ.

“ಅಯ್ಯಾರ, ಮುಂಜಾನಿ ಲಿಂಗಪೂಜಿ ಮಾಡೀರೇನ್ರಿ?” ಅಂದೆ.

“ಮಾಡದ ನೀರು ಮುಟ್ಟತೀನೇನವ್ವ?”

“ಲಿಂಗ ಯಾವ ಅಂಗೈ ಮ್ಯಾಲ ಇಟ್ಕೊಂಡಿದ್ರಿ?”

ಅಯ್ಯನವರು ಹೇಳಬೇಕಾಗಿಯೂ ಇರಲಿಲ್ಲ, ಅಲ್ಲಿದ್ದವರಿಗೆಲ್ಲ ಗೊತ್ತು. ಇಷ್ಟಲಿಂಗಕ್ಕೆ ಪೀಠ ಎಡ ಅಂಗೈ. “ಶಿವನ್ನ ಹಿಡಿಯಾಕ ಎಡಗೈ ಆಗ್ತೈತಿ. ನಿಮ್ಮ ರೊಟ್ಟಿ ಹಿಡಿಯಾಕ ಆಗಂಗಿಲ್ಲೇನ್ರಿ? ರೊಟ್ಟಿ ಶಿವನಕಿಂತ ದೊಡ್ಡದಾತೇನ್ರಿ?”

“ಹಿಡಿಯಾದು ಬ್ಯಾರೆ, ನೀಡಾದು ಬ್ಯಾರೆ” ಅಂತ ಗೊಣಗಿಕೊಂಡು ಎದ್ದರು. ಉಣ್ಣದೆಯೇ ಹೋದರು, ಚೆನ್ನಿ. ಜಂಗಮರು ತಟ್ಟೆಯ ಮುಂದಿನಿಂದ ಹಸಿದು ಎದ್ದುಹೋದರು ಅಂತ ನಿನ್ನ ಅತ್ತಿಗೆ ಗಲ್ಲ ಗಲ್ಲ ಬಡಿದುಕೊಂಡಳು. ನನಗೂ ಕೆಡುಕೆನಿಸಿತು, ಇಲ್ಲ ಅನ್ನುವುದಿಲ್ಲ. ಅಷ್ಟರಲ್ಲಿ ಪಕ್ಕೀರಪ್ಪ ಅಯ್ಯನವರ ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡು, “ಯಕ್ಕಾರ, ಬಿಸಿ ಆರಾಕತ್ತೈತಿ, ಪಲ್ಲೆ ತರ್ರಿ. ನಮಗ ಯಾವ ಕೈ ಆದ್ರೂ ನಡಿತೈತಿ, ಕೈ ಬಿಗಿ ಮಾಡಬ್ಯಾಡ್ರಿ ಅಷ್ಟ” ಅಂದ. ಎಲ್ಲರೂ ನಕ್ಕರು. ಊಟ ಮುಂದುವರಿಯಿತು.

ಅಯ್ಯನವರು ಒಂದು ವಾರ ಈ ಕಡೆ ಸುಳಿಯಲಿಲ್ಲ. ಆಮೇಲೆ ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಕಳಿಸಲು ಶುರು ಮಾಡಿದರು. ಡಬ್ಬಿಗೆ ಹಾಕಿದ ಕೈ ಯಾವುದು ಅಂತ ಅವರು ನೋಡುವುದಿಲ್ಲ, ನಾನು ಹೇಳುವುದಿಲ್ಲ. ಎಡಗೈಯಲ್ಲೇ ಹಾಕುತ್ತೇನೆ. ಎಲ್ಲರೂ ಬದಲಾದರು ಅಂತ ತಿಳಿಯಬೇಡ. ಮೊದಲಿನ ಗಿರಾಕಿಗಳಲ್ಲಿ ಕೆಲವರು ಬಸ್‌ಸ್ಟ್ಯಾಂಡಿನ ಹೋಟೆಲಿಗೇ ಹೋಗುತ್ತಾರೆ, ಹೋಗಲಿ. ಬಂದವರಿಗೆ ಇಲ್ಲ ಅನ್ನದಷ್ಟು ರೊಟ್ಟಿ ಆಗುತ್ತಿದೆ. ಸಾಯಂಕಾಲ ಒಲೆ ಆರಿಸುವಾಗ ನನ್ನ ಸೊಂಟ, ಭುಜ ಎಲ್ಲ ಹಿಡಿದುಕೊಳ್ಳುತ್ತವೆ. ಆ ನೋವು ನನಗೆ ಬೇಕು, ಅದು ದುಡಿದವಳ ನೋವು.

ನಿನ್ನ ಕಾಗದದಲ್ಲಿ ಇನ್ನೊಂದು ಸಂಗತಿ ಬರೆದಿದ್ದೆ. ನಿಮ್ಮ ಆಸ್ಪತ್ರೆಗೆ ಬರುವ ಬಟ್ಟೆ ಗಿರಣಿಯ ಕಾರ್ಮಿಕ, ಬೆರಳು ಹೋದವನು, ನೀನು ಕೊಟ್ಟ ಮರದ ಗೂಟಗಳನ್ನು ರಂಧ್ರದಲ್ಲಿ ಸಿಕ್ಕಿಸದೆ ಮುಖ ತಿರುಗಿಸಿ ಕೂರುತ್ತಾನೆ, ಸಹಕರಿಸುವುದಿಲ್ಲ ಅಂತ. ಅವನ ಹೆಸರು ನೀನು ಬರೆದಿಲ್ಲ. ಆದರೆ ಅವನು ನನಗೆ ಚೆನ್ನಾಗಿ ಗೊತ್ತು, ನಾನೂ ಅವನ ಜಾತಿಯವಳೇ ಈಗ. ಅವನಿಗೆ ಗೂಟ ಬೇಡಮ್ಮ, ನೂಲು ಬೇಕು. ಒಂದು ಹಿಡಿ ನೂಲು ತಂದು ಅವನ ಮುಂದೆ ಇಟ್ಟು ನೋಡು. ಇಷ್ಟು ದಿನ ಏನು ಮಾಡುತ್ತಿದ್ದೆ, ಯಾರಿಗೋಸ್ಕರ ಮಾಡುತ್ತಿದ್ದೆ, ಜೊತೆಗೆ ಯಾರಿದ್ದರು ಅಂತ ಕೇಳು. ಹಲ್ಲುಜ್ಜುವುದನ್ನು ಆಮೇಲೆ ಕೇಳುವೆಯಂತೆ. ನಿನ್ನ ವಿದ್ಯೆಯನ್ನು ಹಳಿಯುತ್ತಿಲ್ಲ. ಅದರ ಹೆಸರಲ್ಲೇ ಕೆಲಸ ಇದೆ ಅಂತ ನೀನೇ ಹೇಳಿದ್ದೆ. ಯಾರ ಕೆಲಸ ಅಂತ ನೀವು ಕೇಳುವುದಿಲ್ಲವಲ್ಲ, ಅದಕ್ಕೆ ನನ್ನ ಸಿಟ್ಟು.

ಇನ್ನು ಬಸವ ಜಯಂತಿಯ ಮಾತು. ನಿನ್ನ ಮಾವ ಬಂದು ಕೂತಾಗ ವಿರುಪಾಕ್ಷಪ್ಪ ಹೇಳುವುದು ಒಂದೇ: “ಚೆನ್ನಿ ಓದಿದಾಕಿ, ಆಕಿ ಮಾತು ಆಸ್ಪತ್ರಿ ಮಾತು.” ಅದಕ್ಕೆ ಮುಂಚೆ ನೀನು ಅವನಿಗೆ ಬರೆಯಬೇಕು. ಅವ್ವನಿಗೆ ಆಗುತ್ತದೆ ಅಂತ ಸರ್ಟಿಫಿಕೇಟ್ ಕೊಡು ಅಂತ ನಾನು ಕೇಳುತ್ತಿಲ್ಲ. ನನಗೆ ಆಗುತ್ತದೋ ಇಲ್ಲವೋ ಅಂತ ದಿನವೂ ಉಂಡು ಹೋಗುವವರು ಹೇಳುತ್ತಾರೆ. ಆಗುವುದಿಲ್ಲ ಅಂದ ನಿನ್ನ ಮಾತನ್ನು ನೀನು ಹಿಂದಕ್ಕೆ ತೆಗೆದುಕೋ, ಅಷ್ಟು ಸಾಕು. ಬರೆಯಲು ಮನಸ್ಸು ಬಾರದಿದ್ದರೆ ಬರೆಯಬೇಡ. ಆಗಲೂ ನಾನು ಏಳುವುದಿಲ್ಲ. ಒಲೆಕಟ್ಟೆ ಎಲ್ಲಿದೆಯೋ ನಾನು ಅಲ್ಲಿರುತ್ತೇನೆ. ನಿನ್ನ ಮಾವನೂ ನೋಡಲಿ, ಆಂಧ್ರದವನೂ ನೋಡಲಿ, ಎತ್ತುವ ಧೈರ್ಯ ಯಾರಿಗಿದೆಯೋ ಎತ್ತಲಿ. ಆದರೆ ಹೊರಗಿನವರ ಜೊತೆ ಜಗಳ ಆಡುವುದಕ್ಕೂ, ಹೆತ್ತ ಮಗಳ ಮಾತಿನ ಜೊತೆ ಜಗಳ ಆಡುವುದಕ್ಕೂ ವ್ಯತ್ಯಾಸ ಇದೆ. ಆ ಎರಡನೆಯದು ನನ್ನನ್ನು ಸುಸ್ತು ಮಾಡುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಹಾಸ್ಟೆಲಿನ ಊಟ ನೀರು ನೀರು ಅಂತ ಬರೆದಿದ್ದೆ. ಅಕ್ಕನಾಗಮ್ಮನ ಮಗ ಮುಂದಿನ ತಿಂಗಳು ಮುಂಬಯಿಗೆ ಬರುತ್ತಾನಂತೆ, ಅವನ ಕೈಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಳಿಸುತ್ತೇನೆ. ಕುಟ್ಟುವುದು ಭರಮಮ್ಮ, ಉಪ್ಪು ಖಾರ ನನ್ನದು. ನಿನ್ನ ಕೈಯಲ್ಲಿ ಎದ್ದು ನಿಂತವರ ಹರಕೆ ನಿನ್ನ ಮೇಲಿರಲಿ. ನಾನೂ ಅವರಲ್ಲಿ ಒಬ್ಬಳು. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತಿ ನಿನ್ನ ಅವ್ವ,
ನೀಲಗಂಗಮ್ಮ
(ನಾನೇ ಬರೆದದ್ದು)

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ. ನೀನು ಮುಂಬಯಿಗೆ ಹೊರಟ ದಿನ, ಸಾಮಾನು ಕಟ್ಟುವುದನ್ನು ಬಿಟ್ಟು, ಅವ್ವ ಒಂದು ರೊಟ್ಟಿ ಪ್ರಯತ್ನ ಮಾಡು ಅಂದೆ. ಎಡಗೈಯಿಂದ ನಾನು ಬಡಿದ ಮೊಟ್ಟಮೊದಲ ರೊಟ್ಟಿ ಅದು. ದಪ್ಪಗಿತ್ತು, ಅಂಚು ಹರಿದಿತ್ತು, ಒಂದು ಕಡೆ ಕರಕಲಾಗಿತ್ತು. ನೀನು ಮಗುವಿಗೆ ತಟ್ಟಿದ ಹಾಗೆ ಚಪ್ಪಾಳೆ ತಟ್ಟಿದೆ. ಭುಜ ಎಷ್ಟು ಎತ್ತಿದೆ, ಎಷ್ಟು ಹೊತ್ತು ಕೂತೆ ಅಂತ ಎಲ್ಲ ಬರೆದುಕೊಂಡೆ, ಫೋಟೋ ತೆಗೆದೆ. ಆಮೇಲೆ ಆ ರೊಟ್ಟಿಯನ್ನು ಕಿಟಕಿಯಲ್ಲಿ ಇಟ್ಟು ಬಸ್ಸಿಗೆ ಹೊತ್ತಾಯಿತು ಅಂತ ಹೊರಟೆ. ನಾನು ಅದನ್ನು ಕೈಗೆ ವ್ಯಾಯಾಮ ಆಗಲಿ ಅಂತ ಮಾಡಿರಲಿಲ್ಲ, ಚೆನ್ನಿ. ನೀನು ಬೆಳಗಿನಿಂದ ಏನೂ ತಿಂದಿರಲಿಲ್ಲ.